ಅರವತ್ತು ಯೂನಿಟ್ ಸಾಲದು: ಕಮ್ಯುನಿಟಿ ಕಾಲೇಜಿನಿಂದ ವಿಶ್ವವಿದ್ಯಾನಿಲಯಕ್ಕೆ ಕ್ರೆಡಿಟ್ ಲೆಕ್ಕಾಚಾರ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಲ್ಲಿ ಮಕ್ಕಳು ಹೈಸ್ಕೂಲು ಮುಗಿಸುವ ಹೊತ್ತಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ನೇರವಾಗಿ ವಿಶ್ವವಿದ್ಯಾನಿಲಯಕ್ಕೆ ಸೇರಿಸಬೇಕೇ, ಇಲ್ಲವೇ ಎರಡು ವರ್ಷ ಮನೆಯ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಓದಿಸಿ ನಂತರ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಬೇಕೇ? ಪಿಯುಸಿ ಮುಗಿಸಿದ ಮಗನನ್ನೋ ಮಗಳನ್ನೋ ಪದವಿಗೆಂದು ಅಮೆರಿಕಕ್ಕೆ ಕಳುಹಿಸಲು ಯೋಚಿಸುತ್ತಿರುವ ಬೆಂಗಳೂರು, ಮೈಸೂರು, ಮಂಗಳೂರಿನ ಪಾಲಕರ ಮುಂದೆಯೂ ಇದೇ ಪ್ರಶ್ನೆ ಬರುತ್ತದೆ.

ಮೇಲ್ನೋಟಕ್ಕೆ ಲೆಕ್ಕ ಸರಳವಾಗಿದೆ. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ, ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ. ಕೊನೆಗೆ ಕೈಗೆ ಬರುವ ಪದವಿ ಪ್ರಮಾಣಪತ್ರದಲ್ಲಿ ವಿಶ್ವವಿದ್ಯಾನಿಲಯದ ಹೆಸರು ಮಾತ್ರ ಇರುತ್ತದೆ. ಮೊದಲ ವರ್ಷದಿಂದಲೇ ಅಲ್ಲಿ ಓದಿದವರ ಪದವಿಗೂ ಇದಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಖರ್ಚು ಮಾತ್ರ ಬಹಳ ಕಡಿಮೆ.

ಆದರೆ ದಾರಿ ಹಿಡಿದವರೆಲ್ಲ ಗುರಿ ಮುಟ್ಟುತ್ತಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ ಲೆಕ್ಕಪರಿಶೋಧಕರು 2024ರ ಸೆಪ್ಟೆಂಬರ್‌ನಲ್ಲಿ ನೀಡಿದ ವರದಿಯ ಪ್ರಕಾರ, 2017ರಿಂದ 2019ರ ನಡುವೆ ಕಮ್ಯುನಿಟಿ ಕಾಲೇಜು ಸೇರಿ ವರ್ಗಾವಣೆಯ ಉದ್ದೇಶ ಹೊಂದಿದ್ದ ವಿದ್ಯಾರ್ಥಿಗಳ ಪೈಕಿ ನಾಲ್ಕು ವರ್ಷಗಳೊಳಗೆ ವಿಶ್ವವಿದ್ಯಾನಿಲಯಕ್ಕೆ ವರ್ಗಾವಣೆಗೊಂಡವರು ಸುಮಾರು ಐವರಲ್ಲಿ ಒಬ್ಬರು ಮಾತ್ರ. ಹಣದ ಅಡಚಣೆ, ಉದ್ಯೋಗ, ಮನೆಯ ಜವಾಬ್ದಾರಿ ಇವೆಲ್ಲ ಇದಕ್ಕೆ ಕಾರಣಗಳು ಹೌದು. ಇವುಗಳ ಜತೆಗೆ ಕ್ರೆಡಿಟ್‌ಗಳ ಜಟಿಲ ನಿಯಮಾವಳಿಯೂ ಸೇರಿಕೊಳ್ಳುತ್ತದೆ. ಹಣದ ಅಡಚಣೆಯನ್ನು ನೀಗುವುದು ಎಲ್ಲರ ಕೈಯಲ್ಲಿಲ್ಲ. ಆದರೆ ಕ್ರೆಡಿಟ್ ನಷ್ಟವನ್ನು ಮುಂಚಿತವಾದ ತಿಳಿವಳಿಕೆಯಿಂದ ಬಹುಮಟ್ಟಿಗೆ ತಪ್ಪಿಸಬಹುದು.

ಅರವತ್ತು ವರ್ಷ ದಾಟಿದ ವ್ಯವಸ್ಥೆ

ಕ್ಯಾಲಿಫೋರ್ನಿಯಾದ ಇಂದಿನ ವ್ಯವಸ್ಥೆಗೆ ಅಡಿಪಾಯ ಹಾಕಿದ್ದು 1960ರ ಉನ್ನತ ಶಿಕ್ಷಣ ಮಹಾಯೋಜನೆ. ಆಗ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ಇದರ ಪ್ರಮುಖ ರೂವಾರಿ. ಈ ಯೋಜನೆಯಂತೆ ಹೈಸ್ಕೂಲು ಮುಗಿಸಿದವರ ಪೈಕಿ ಮೇಲಿನ ಎಂಟನೇ ಒಂದು ಭಾಗದವರಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಅಂದರೆ ಯುಸಿ, ಮೇಲಿನ ಮೂರನೇ ಒಂದು ಭಾಗದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಅಂದರೆ ಸಿಎಸ್‌ಯು, ಕಲಿಯಬಲ್ಲ ಉಳಿದೆಲ್ಲರಿಗೂ ಕಮ್ಯುನಿಟಿ ಕಾಲೇಜು ಎಂಬ ವಿಂಗಡಣೆಯಾಯಿತು. ಕಮ್ಯುನಿಟಿ ಕಾಲೇಜಿಗೆ ಸೇರಿದವರು ಅಲ್ಲಿಯೇ ಉಳಿಯಬೇಕಾಗಿಲ್ಲ, ಎರಡು ವರ್ಷ ಚೆನ್ನಾಗಿ ಓದಿದರೆ ಮೂರನೇ ವರ್ಷಕ್ಕೆ ವಿಶ್ವವಿದ್ಯಾನಿಲಯದ ಬಾಗಿಲು ತೆರೆಯುತ್ತದೆ ಎಂಬುದೇ ಈ ವಿಂಗಡಣೆಯ ನ್ಯಾಯ.

ಇಂದು ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ವರ್ಷಕ್ಕೆ 20 ಲಕ್ಷಕ್ಕೂ ಅಧಿಕ ವಿದ್ಯಾರ್ಥಿಗಳು ಇಲ್ಲಿ ಕಲಿಯುತ್ತಾರೆ. ಯುಸಿಯ ಹತ್ತು ಕ್ಯಾಂಪಸ್‌ಗಳ ಪೈಕಿ ಒಂಬತ್ತರಲ್ಲಿ ಪದವಿ ಶಿಕ್ಷಣವಿದೆ. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿಯೇ ಕ್ಯುಪರ್ಟಿನೋದ ಡಿ ಆಂಜಾ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್, ಫ್ರೀಮಾಂಟ್‌ನ ಓಲೋನಿ, ಸ್ಯಾಂಟಾ ಕ್ಲಾರಾದ ಮಿಷನ್ ಮುಂತಾದ ಕಾಲೇಜುಗಳಿವೆ.

ಶುಲ್ಕದ ಅಂತರ ಗಮನಾರ್ಹ. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನಲ್ಲಿ 2012ರಿಂದ ಸೆಮಿಸ್ಟರ್ ಯೂನಿಟ್ ಒಂದಕ್ಕೆ 46 ಡಾಲರ್ ಶುಲ್ಕವಿದೆ. ಅರವತ್ತು ಯೂನಿಟ್‌ಗೆ ಒಟ್ಟು 2,760 ಡಾಲರ್. ಅದೇ ಯುಸಿಯಲ್ಲಿ ನಿವಾಸಿ ವಿದ್ಯಾರ್ಥಿಯ ಬೋಧನಾ ಶುಲ್ಕವೇ ವರ್ಷಕ್ಕೆ 14 ಸಾವಿರ ಡಾಲರ್ ಮೀರಿದೆ. ವಸತಿ, ಊಟ ಬೇರೆ. ಮನೆಯಲ್ಲಿದ್ದುಕೊಂಡೇ ಎರಡು ವರ್ಷ ಓದಿದರೆ ಉಳಿತಾಯವೆಷ್ಟು ಎಂಬುದನ್ನು ಊಹಿಸಬಹುದು.

ಯೂನಿಟ್ ಎಂದರೇನು?

ಅಮೆರಿಕದ ಕಾಲೇಜುಗಳಲ್ಲಿ ಓದಿನ ಅಳತೆಗೋಲು ಕ್ರೆಡಿಟ್. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಯೂನಿಟ್ ಎನ್ನುವುದು ರೂಢಿ. ಸ್ಥೂಲವಾಗಿ, ಸೆಮಿಸ್ಟರ್ ಉದ್ದಕ್ಕೂ ವಾರಕ್ಕೆ ಒಂದು ಗಂಟೆಯ ಪಾಠ ಹಾಗೂ ಅದಕ್ಕೆ ಪೂರಕವಾಗಿ ಎರಡು ಗಂಟೆಯ ಸ್ವಂತ ಓದು ಸೇರಿದರೆ ಒಂದು ಯೂನಿಟ್. ಸಾಮಾನ್ಯ ಕೋರ್ಸೊಂದು ಮೂರರಿಂದ ಐದು ಯೂನಿಟ್‌ಗಳದ್ದು. ಸೆಮಿಸ್ಟರಿಗೆ 15 ಯೂನಿಟ್‌ನಂತೆ ನಾಲ್ಕು ಸೆಮಿಸ್ಟರ್ ಓದಿದರೆ 60 ಯೂನಿಟ್ ಆಗುತ್ತದೆ. ಪದವಿಗೆ ಸಾಮಾನ್ಯವಾಗಿ ಬೇಕಾಗುವ 120 ಯೂನಿಟ್‌ಗಳಲ್ಲಿ ಇದು ಅರ್ಧ.

ಮೊದಲ ಗೊಂದಲ ಇಲ್ಲಿಯೇ ಹುಟ್ಟುತ್ತದೆ. ಎಲ್ಲ ಕಾಲೇಜುಗಳೂ ಸೆಮಿಸ್ಟರ್ ಪದ್ಧತಿಯಲ್ಲಿಲ್ಲ. ಡಿ ಆಂಜಾ, ಫುಟ್‌ಹಿಲ್ ಕಾಲೇಜುಗಳು ವರ್ಷವನ್ನು ಸುಮಾರು ಹನ್ನೆರಡು ವಾರಗಳ ಕ್ವಾರ್ಟರ್‌ಗಳಾಗಿ ವಿಂಗಡಿಸಿವೆ. ಒಂದು ಕ್ವಾರ್ಟರ್ ಯೂನಿಟ್ ಮೂರನೇ ಎರಡರಷ್ಟು ಸೆಮಿಸ್ಟರ್ ಯೂನಿಟ್‌ಗೆ ಸಮ. ಆದ್ದರಿಂದ 60 ಸೆಮಿಸ್ಟರ್ ಯೂನಿಟ್ ಎಂದರೆ 90 ಕ್ವಾರ್ಟರ್ ಯೂನಿಟ್. ವಿಶ್ವವಿದ್ಯಾನಿಲಯಗಳಲ್ಲೂ ಇದೇ ಭೇದವಿದೆ. ಯುಸಿಯಲ್ಲಿ ಬರ್ಕ್ಲಿ ಮತ್ತು ಮರ್ಸೆಡ್ ಕ್ಯಾಂಪಸ್‌ಗಳು ಸೆಮಿಸ್ಟರ್ ಪದ್ಧತಿಯವು, ಪದವಿ ಶಿಕ್ಷಣ ನೀಡುವ ಉಳಿದ ಏಳು ಕ್ವಾರ್ಟರ್ ಪದ್ಧತಿಯವು. ಡಿ ಆಂಜಾದಲ್ಲಿ 60 ಯೂನಿಟ್ ಮುಗಿಸಿದ ವಿದ್ಯಾರ್ಥಿ ತನ್ನ ಓದು ಮುಗಿಯಿತೆಂದು ಭಾವಿಸಿದರೆ ಅವನ ಕೈಯಲ್ಲಿರುವುದು ವಾಸ್ತವವಾಗಿ 40 ಸೆಮಿಸ್ಟರ್ ಯೂನಿಟ್ ಮಾತ್ರ.

ಒಂದು ಕೋರ್ಸು, ಮೂರು ಜರಡಿ

ಕಾಲೇಜಿನ ಅಂಕಪಟ್ಟಿಯಲ್ಲಿ 60 ಯೂನಿಟ್ ಎಂದು ನಮೂದಾಗಿದ್ದರೆ ಸಾಲದು. ವಿಶ್ವವಿದ್ಯಾನಿಲಯ ಪ್ರತಿ ಕೋರ್ಸನ್ನೂ ಮೂರು ಜರಡಿಗಳಲ್ಲಿ ಹಿಡಿಯುತ್ತದೆ.

ಮೊದಲನೆಯದು, ಆ ಕೋರ್ಸು ವರ್ಗಾವಣೆಗೆ ಅರ್ಹವೇ ಎಂಬುದು. ಕಾಲೇಜಿನ ಎರಡು ವರ್ಷದ ಅಸೋಸಿಯೇಟ್ ಪದವಿಗೆ ಲೆಕ್ಕಕ್ಕೆ ಬರುವ ಕೋರ್ಸು ವಿಶ್ವವಿದ್ಯಾನಿಲಯದಲ್ಲಿ ಲೆಕ್ಕಕ್ಕೆ ಬಾರದಿರಬಹುದು. ಕೆಲವು ವೃತ್ತಿಪರ ಕೋರ್ಸುಗಳನ್ನು ಸಿಎಸ್‌ಯು ಒಪ್ಪುತ್ತದೆ, ಯುಸಿ ಒಪ್ಪುವುದಿಲ್ಲ. ಹೈಸ್ಕೂಲು ಮಟ್ಟದ ಗಣಿತ, ಇಂಗ್ಲಿಷ್ ಪೂರ್ವಸಿದ್ಧತಾ ತರಗತಿಗಳಿಗೆ ಇಬ್ಬರಲ್ಲೂ ಬೆಲೆಯಿಲ್ಲ. ಹಿಂದೆ ಇಂತಹ ಪೂರ್ವಸಿದ್ಧತಾ ತರಗತಿಗಳಲ್ಲಿಯೇ ಅನೇಕರ ಒಂದೆರಡು ವರ್ಷ ಕಳೆದುಹೋಗುತ್ತಿತ್ತು. 2017 ಹಾಗೂ 2022ರಲ್ಲಿ ರಾಜ್ಯ ಶಾಸನಸಭೆ ಅಂಗೀಕರಿಸಿದ ಎರಡು ಕಾಯ್ದೆಗಳ ಫಲವಾಗಿ ಈಗ ಹೆಚ್ಚಿನ ವಿದ್ಯಾರ್ಥಿಗಳು ನೇರವಾಗಿ ಕಾಲೇಜು ಮಟ್ಟದ ಗಣಿತ, ಇಂಗ್ಲಿಷ್ ತರಗತಿಗಳಿಗೇ ಸೇರುತ್ತಾರೆ.

ಎರಡನೆಯ ಜರಡಿ ಸಾಮಾನ್ಯ ಶಿಕ್ಷಣದ್ದು. ಎಂಜಿನಿಯರಿಂಗ್ ಓದುವವನೂ ಇತಿಹಾಸ, ಕಲೆ, ಸಮಾಜಶಾಸ್ತ್ರ ಓದಬೇಕು, ಸಾಹಿತ್ಯ ಓದುವವಳೂ ವಿಜ್ಞಾನದ ಪ್ರಯೋಗಾಲಯಕ್ಕೆ ಹೋಗಬೇಕು ಎಂಬುದು ಅಮೆರಿಕದ ಪದವಿ ಶಿಕ್ಷಣದ ನಿಯಮ. ವರ್ಗಾವಣೆಗೆ ಅರ್ಹವಾದ ಕೋರ್ಸೆಲ್ಲವೂ ಸಾಮಾನ್ಯ ಶಿಕ್ಷಣದ ಪಟ್ಟಿಯಲ್ಲಿ ಇರುವುದಿಲ್ಲ.

ಮೂರನೆಯದು ಮತ್ತು ಅತ್ಯಂತ ಬಿಗಿಯಾದದ್ದು ಮುಖ್ಯ ವಿಷಯದ ಜರಡಿ. ಮೂರನೇ ವರ್ಷಕ್ಕೆ ಕಂಪ್ಯೂಟರ್ ಸೈನ್ಸ್‌ಗೆ ಸೇರಬೇಕಾದ ವಿದ್ಯಾರ್ಥಿ ಮೊದಲೆರಡು ವರ್ಷಗಳಲ್ಲಿ ಕ್ಯಾಲ್ಕುಲಸ್, ಲೀನಿಯರ್ ಆಲ್‌ಜೀಬ್ರಾ, ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್ಸ್ ಮುಂತಾದ ಕೋರ್ಸುಗಳನ್ನು ಮುಗಿಸಿರಬೇಕು. ಯಾವ ಕ್ಯಾಂಪಸ್ಸು ಯಾವ ಕೋರ್ಸನ್ನು ಕೇಳುತ್ತದೆ ಎಂಬುದು ಕ್ಯಾಂಪಸ್ಸಿನಿಂದ ಕ್ಯಾಂಪಸ್ಸಿಗೆ ಬದಲಾಗುತ್ತದೆ. ಒಂದೇ ಯುಸಿ, ಒಂದೇ ವಿಷಯ, ಆದರೂ ಸ್ಯಾನ್ ಡಿಯೇಗೋ ಕೇಳುವುದನ್ನು ಡೇವಿಸ್ ಕೇಳದಿರಬಹುದು.

ಈ ಮೂರರಲ್ಲಿ ಮೊದಲ ಜರಡಿಯನ್ನು ಮಾತ್ರ ದಾಟಿದ ಕೋರ್ಸಿಗೆ ಅಂಕಪಟ್ಟಿಯಲ್ಲಿ ಜಾಗ ಸಿಗುತ್ತದೆ, 60ರ ಎಣಿಕೆಗೂ ಅದು ಸೇರುತ್ತದೆ. ಆದರೆ ಪದವಿ ಬೇಗ ಮುಗಿಯಲು ಅದರಿಂದ ಹೆಚ್ಚಿನ ಸಹಾಯವಿಲ್ಲ. ಕ್ರೆಡಿಟ್ ವರ್ಗಾವಣೆಯಾಯಿತು, ಆದರೂ ಓದು ಒಂದು ವರ್ಷ ಹೆಚ್ಚಾಯಿತು ಎಂಬ ವಿಚಿತ್ರ ಸ್ಥಿತಿಗೆ ಇದೇ ಕಾರಣ.

ವಿಶ್ವವಿದ್ಯಾನಿಲಯ ಕೇಳುವುದೇನು?

ಯುಸಿಗೆ ಮೂರನೇ ವರ್ಷದ ವಿದ್ಯಾರ್ಥಿಯಾಗಿ ಸೇರಲು ಕನಿಷ್ಠ 60 ಸೆಮಿಸ್ಟರ್ ಅಥವಾ 90 ಕ್ವಾರ್ಟರ್ ಯೂನಿಟ್‌ಗಳಷ್ಟು ಯುಸಿ ಒಪ್ಪುವ ಕೋರ್ಸುಗಳು ಬೇಕು. ಇವುಗಳ ಪೈಕಿ ಗ್ರೇಡ್ ಇಲ್ಲದೆ ಕೇವಲ ಪಾಸು ಎಂದು ನಮೂದಾದ ಕೋರ್ಸುಗಳು 14 ಸೆಮಿಸ್ಟರ್ ಯೂನಿಟ್ ಮೀರುವಂತಿಲ್ಲ. ಜತೆಗೆ ಏಳು ಕೋರ್ಸುಗಳ ಕಡ್ಡಾಯ ಪಟ್ಟಿಯೊಂದಿದೆ. ಇಂಗ್ಲಿಷ್ ಬರವಣಿಗೆಯಲ್ಲಿ ಎರಡು, ಗಣಿತದಲ್ಲಿ ಒಂದು, ಉಳಿದ ನಾಲ್ಕು ಕಲೆ ಮತ್ತು ಮಾನವಿಕ, ಸಮಾಜ ವಿಜ್ಞಾನ, ಭೌತ ಮತ್ತು ಜೀವ ವಿಜ್ಞಾನ ಈ ಮೂರು ವಿಭಾಗಗಳ ಪೈಕಿ ಕನಿಷ್ಠ ಎರಡರಿಂದ. ಏಳರಲ್ಲೂ ಸಿ ಅಥವಾ ಅದಕ್ಕಿಂತ ಉತ್ತಮ ಗ್ರೇಡ್ ಬೇಕು. ಒಟ್ಟಾರೆ ಸರಾಸರಿ ಅಂದರೆ ಜಿಪಿಎ ರಾಜ್ಯದ ನಿವಾಸಿಗಳಿಗೆ ಕನಿಷ್ಠ 2.4, ಹೊರಗಿನವರಿಗೆ 2.8.

ಸಿಎಸ್‌ಯುಗೂ 60 ಯೂನಿಟ್ ಬೇಕು. ಸಾಮಾನ್ಯ ಶಿಕ್ಷಣದ ಕೋರ್ಸುಗಳೂ ಇದರಲ್ಲಿ ಸೇರಿರಬೇಕು. ಭಾಷಣ, ಬರವಣಿಗೆ, ವಿಮರ್ಶಾತ್ಮಕ ಚಿಂತನೆ ಮತ್ತು ಗಣಿತ ಈ ನಾಲ್ಕು ಕೋರ್ಸುಗಳಿಗೆ ಅಲ್ಲಿ ‘ಚಿನ್ನದ ನಾಲ್ಕು’ ಎಂದೇ ಹೆಸರು. ಇವುಗಳಲ್ಲಿ ಕನಿಷ್ಠ ಸಿ ಮೈನಸ್ ಗ್ರೇಡ್ ಕಡ್ಡಾಯ. ಕನಿಷ್ಠ ಜಿಪಿಎ ನಿವಾಸಿಗಳಿಗೆ 2.0, ಹೊರಗಿನವರಿಗೆ 2.4.

ಇವೆಲ್ಲ ಅರ್ಜಿ ಸಲ್ಲಿಸಲು ಬೇಕಾದ ಕನಿಷ್ಠ ಅರ್ಹತೆಗಳೇ ಹೊರತು ಪ್ರವೇಶದ ಭರವಸೆಯಲ್ಲ. ಬರ್ಕ್ಲಿ, ಲಾಸ್ ಏಂಜಲೀಸ್ ಕ್ಯಾಂಪಸ್‌ಗಳಲ್ಲಿ ಬೇಡಿಕೆಯುಳ್ಳ ವಿಷಯಗಳಿಗೆ ಆಯ್ಕೆಯಾಗುವವರ ಜಿಪಿಎ ಇದಕ್ಕಿಂತ ಬಹಳ ಮೇಲಿರುತ್ತದೆ.

ಹೊಸ ನಮೂನೆ

ಸಾಮಾನ್ಯ ಶಿಕ್ಷಣದ ವಿಷಯದಲ್ಲಿ ಇತ್ತೀಚೆಗೆ ಒಂದು ಮಹತ್ವದ ಬದಲಾವಣೆಯಾಗಿದೆ. ಮೊದಲು ಯುಸಿ, ಸಿಎಸ್‌ಯು ಎರಡೂ ಒಪ್ಪುತ್ತಿದ್ದ ಐಗೆಟ್ಸಿ ಎಂಬ ಪಟ್ಟಿ, ಸಿಎಸ್‌ಯುಗೆ ಮಾತ್ರ ಅನ್ವಯಿಸುವ ಬೇರೊಂದು ಪಟ್ಟಿ ಇತ್ತು. 2021ರಲ್ಲಿ ಅಂಗೀಕಾರವಾದ ಕಾಯ್ದೆಯಂತೆ 2025ರ ಶರತ್ಕಾಲದ ಅವಧಿಯಿಂದ ಎರಡಕ್ಕೂ ಸೇರಿ ಕ್ಯಾಲ್-ಗೆಟ್ಸಿ ಎಂಬ ಒಂದೇ ಪಟ್ಟಿ ಜಾರಿಗೆ ಬಂದಿದೆ.

ಇದರಲ್ಲಿ 11 ಕೋರ್ಸು, 34 ಸೆಮಿಸ್ಟರ್ ಯೂನಿಟ್‌ಗಳಿವೆ. ಇಂಗ್ಲಿಷ್ ಬರವಣಿಗೆ, ವಿಮರ್ಶಾತ್ಮಕ ಚಿಂತನೆ, ಭಾಷಣ ತಲಾ ಒಂದು, ಗಣಿತ ಒಂದು, ಕಲೆ ಮತ್ತು ಮಾನವಿಕ ಎರಡು, ಸಮಾಜ ವಿಜ್ಞಾನ ಎರಡು, ಪ್ರಯೋಗಾಲಯ ಸಹಿತ ವಿಜ್ಞಾನ ಎರಡು, ಜನಾಂಗೀಯ ಅಧ್ಯಯನ ಒಂದು. ಪ್ರತಿಯೊಂದರಲ್ಲೂ ಕನಿಷ್ಠ ಸಿ ಗ್ರೇಡ್ ಬೇಕು, ಸಿ ಮೈನಸ್ ಸಾಲದು. 2025ಕ್ಕಿಂತ ಮೊದಲು ಸೇರಿ ನಡುವೆ ಓದು ಬಿಡದೆ ಮುಂದುವರಿಸಿದವರು ಹಳೆಯ ಪಟ್ಟಿಯನ್ನೇ ಅನುಸರಿಸಲು ಅವಕಾಶವಿದೆ.

ಪಟ್ಟಿ ಪೂರೈಸಿದರಷ್ಟೇ ಸಾಲದು, ಪೂರೈಸಿದ್ದಾಗಿ ಕಾಲೇಜಿನಿಂದ ದೃಢೀಕರಣ ಪಡೆದು ವಿಶ್ವವಿದ್ಯಾನಿಲಯಕ್ಕೆ ಕಳುಹಿಸಬೇಕು. ಈ ಕೋರಿಕೆಯನ್ನು ವಿದ್ಯಾರ್ಥಿಯೇ ಸಲ್ಲಿಸಬೇಕು ಎಂಬುದು ಬಹಳ ಮಂದಿಗೆ ತಿಳಿದಿರುವುದಿಲ್ಲ.

ಎಲ್ಲರೂ ಈ ಪಟ್ಟಿಯನ್ನು ಮುಗಿಸಿಕೊಂಡೇ ಹೋಗಬೇಕೆಂದೇನೂ ಇಲ್ಲ ಎಂಬುದೂ ಮುಖ್ಯ. ಎಂಜಿನಿಯರಿಂಗ್ ಮುಂತಾದ ವಿಷಯಗಳಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದ ಪೂರ್ವಸಿದ್ಧತೆಯೇ ಎರಡು ವರ್ಷವನ್ನು ತುಂಬಿಬಿಡುತ್ತದೆ. ಅಂತಹವರು ಮುಖ್ಯ ವಿಷಯದ ಕೋರ್ಸುಗಳಿಗೆ ಆದ್ಯತೆ ನೀಡಿ, ಸಾಮಾನ್ಯ ಶಿಕ್ಷಣದ ಉಳಿಕೆಯನ್ನು ವಿಶ್ವವಿದ್ಯಾನಿಲಯಕ್ಕೆ ಹೋದ ಮೇಲೆ ಮುಗಿಸುವುದೇ ಸೂಕ್ತ ಎನ್ನುವುದು ಯುಸಿಯ ಸಲಹೆ. ಪಟ್ಟಿಯ ಹನ್ನೊಂದನ್ನೂ ಮುಗಿಸಿ ಭೌತಶಾಸ್ತ್ರವನ್ನು ಅರ್ಧಕ್ಕೆ ಬಿಟ್ಟ ಎಂಜಿನಿಯರಿಂಗ್ ಆಕಾಂಕ್ಷಿಗೆ ಪ್ರವೇಶ ಸಿಗುವುದೇ ಕಷ್ಟ.

ಕ್ರೆಡಿಟ್ ಸೋರಿಕೆ ಎಲ್ಲಿ?

ಅಮೆರಿಕದ ಸಂಸತ್ತಿನ ಅಧೀನದಲ್ಲಿರುವ ಗವರ್ನಮೆಂಟ್ ಅಕೌಂಟಬಿಲಿಟಿ ಆಫೀಸ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2004ರಿಂದ 2009ರ ಅವಧಿಯಲ್ಲಿ ದೇಶಾದ್ಯಂತ ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ಸರಾಸರಿ ಶೇ 43ರಷ್ಟು ಕ್ರೆಡಿಟ್‌ಗಳನ್ನು ಕಳೆದುಕೊಂಡಿದ್ದರು. ಖಾಸಗಿ ಕಾಲೇಜುಗಳೂ ಸೇರಿದಂತೆ ಎಲ್ಲ ಬಗೆಯ ವರ್ಗಾವಣೆಗಳ ಲೆಕ್ಕವಿದು. ಸರ್ಕಾರಿ ಸಂಸ್ಥೆಗಳ ನಡುವೆ ಒಪ್ಪಂದಗಳಿರುವ ಕ್ಯಾಲಿಫೋರ್ನಿಯಾದಲ್ಲಿ ನಿಯಮಗಳು ಹೆಚ್ಚು ಸ್ಪಷ್ಟವಾಗಿವೆ. ಆದರೂ ಸೋರಿಕೆ ನಿಂತಿಲ್ಲ.

ಸರಣಿ ಕೋರ್ಸುಗಳನ್ನು ನಡುವೆ ಮುರಿಯುವುದು ಒಂದು ಕಾರಣ. ಕ್ವಾರ್ಟರ್ ಪದ್ಧತಿಯ ಡಿ ಆಂಜಾದಲ್ಲಿ ಕ್ಯಾಲ್ಕುಲಸ್ ನಾಲ್ಕು ಕೋರ್ಸುಗಳ ಸರಣಿ. ಸೆಮಿಸ್ಟರ್ ಪದ್ಧತಿಯ ಕಾಲೇಜುಗಳಲ್ಲಿ ಅದೇ ಪಾಠ ಸಾಮಾನ್ಯವಾಗಿ ಮೂರು ಕೋರ್ಸುಗಳಲ್ಲಿ ಮುಗಿಯುತ್ತದೆ. ಎರಡು ಕ್ವಾರ್ಟರ್ ಡಿ ಆಂಜಾದಲ್ಲಿ ಓದಿ, ಮನೆ ಬದಲಿಸಿದ ಕಾರಣಕ್ಕೆ ಸೆಮಿಸ್ಟರ್ ಕಾಲೇಜಿಗೆ ಸೇರಿದ ವಿದ್ಯಾರ್ಥಿಗೆ ಪಾಠದ ಗಡಿಗಳು ಹೊಂದುವುದಿಲ್ಲ. ಒಂದೋ ಓದಿದ್ದನ್ನೇ ಮತ್ತೆ ಓದಬೇಕು, ಇಲ್ಲವೇ ಓದದ ಅಧ್ಯಾಯವೊಂದು ಉಳಿದುಬಿಡುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರದ ಸರಣಿಗಳಿಗೂ ಇದು ಅನ್ವಯಿಸುತ್ತದೆ. ಆರಂಭಿಸಿದ ಸರಣಿಯನ್ನು ಅದೇ ಕಾಲೇಜಿನಲ್ಲಿ ಮುಗಿಸುವುದು ಕ್ಷೇಮ.

ಮುಖ್ಯ ವಿಷಯವನ್ನು ತಡವಾಗಿ ಬದಲಿಸುವುದು ಇನ್ನೊಂದು ಕಾರಣ. ಅರ್ಥಶಾಸ್ತ್ರಕ್ಕೆಂದು ಮೂರು ಸೆಮಿಸ್ಟರ್ ಓದಿದವರು ಜೀವಶಾಸ್ತ್ರಕ್ಕೆ ಹೊರಳಿದರೆ ಯೂನಿಟ್‌ಗಳು ಉಳಿಯುತ್ತವೆ, ಪೂರ್ವಸಿದ್ಧತೆ ಮಾತ್ರ ಮೊದಲಿನಿಂದ ಆರಂಭವಾಗುತ್ತದೆ.

ಅಗತ್ಯಕ್ಕಿಂತ ಹೆಚ್ಚು ಯೂನಿಟ್ ಗಳಿಸುವುದರಿಂದಲೂ ಲಾಭವಿಲ್ಲ. ಮೊದಲೆರಡು ವರ್ಷದ ಮಟ್ಟದ ಕೋರ್ಸುಗಳಿಗೆ ಯುಸಿ ಗರಿಷ್ಠ 70 ಸೆಮಿಸ್ಟರ್ ಅಥವಾ 105 ಕ್ವಾರ್ಟರ್ ಯೂನಿಟ್ ಮಾತ್ರ ಪದವಿಯ ಲೆಕ್ಕಕ್ಕೆ ಹಿಡಿಯುತ್ತದೆ. ಅದರಾಚೆಗಿನ ಕೋರ್ಸುಗಳಿಂದ ವಿಷಯದ ಅಗತ್ಯ ಪೂರೈಕೆಯಾಗಬಹುದು, ಯೂನಿಟ್ ಸೇರುವುದಿಲ್ಲ.

ಇವುಗಳನ್ನು ತಪ್ಪಿಸಲು ಇರುವ ಪ್ರಮುಖ ಸಾಧನ ಅಸಿಸ್ಟ್ ಎಂಬ ಅಧಿಕೃತ ಅಂತರ್ಜಾಲ ತಾಣ. ಯಾವ ಕಮ್ಯುನಿಟಿ ಕಾಲೇಜಿನ ಯಾವ ಕೋರ್ಸು ಯಾವ ಯುಸಿ ಅಥವಾ ಸಿಎಸ್‌ಯು ಕ್ಯಾಂಪಸ್ಸಿನ ಯಾವ ಕೋರ್ಸಿಗೆ ಸಮ ಎಂಬುದನ್ನು ಇಲ್ಲಿ ವರ್ಷವಾರು, ವಿಷಯವಾರು ನೋಡಬಹುದು. ಶುಲ್ಕವಿಲ್ಲ. ಆದರೆ ಖಾಸಗಿ ವಿಶ್ವವಿದ್ಯಾನಿಲಯಗಳಾದ ಸ್ಟ್ಯಾನ್‌ಫರ್ಡ್, ಸದರ್ನ್ ಕ್ಯಾಲಿಫೋರ್ನಿಯಾ ಹಾಗೂ ಹೊರ ರಾಜ್ಯದ ಸಂಸ್ಥೆಗಳ ವಿವರ ಇಲ್ಲಿ ದೊರೆಯುವುದಿಲ್ಲ. ಆಯಾ ಸಂಸ್ಥೆಗಳನ್ನೇ ವಿಚಾರಿಸಬೇಕು.

ಕಾಲೇಜಿಗೊಂದು ಕೋರ್ಸ್ ಸಂಖ್ಯೆ ಇರುವುದೂ ಗೊಂದಲಕ್ಕೆ ಕಾರಣವಾಗಿತ್ತು. 2021ರ ಇನ್ನೊಂದು ಕಾಯ್ದೆಯಂತೆ 116 ಕಾಲೇಜುಗಳಿಗೂ ಸಮಾನ ಸಂಖ್ಯೆ ನೀಡುವ ಕಾರ್ಯ ಆರಂಭವಾಗಿದೆ. ಇಂಗ್ಲಿಷ್ ಬರವಣಿಗೆ, ಭಾಷಣ, ಮನಶ್ಶಾಸ್ತ್ರ, ಸಂಖ್ಯಾಶಾಸ್ತ್ರ ಮುಂತಾದ ಆರು ಕೋರ್ಸುಗಳಿಂದ 2025ರಲ್ಲಿ ಇದಕ್ಕೆ ಚಾಲನೆ ದೊರೆತಿದೆ.

ಭರವಸೆಯ ಎರಡು ದಾರಿ

ಅನಿಶ್ಚಿತತೆಯನ್ನು ತಗ್ಗಿಸುವ ಎರಡು ಅಧಿಕೃತ ಮಾರ್ಗಗಳಿವೆ. ಮೊದಲನೆಯದು ಯುಸಿಯ ಖಾತ್ರಿ ಪ್ರವೇಶ ಯೋಜನೆ. ಟ್ಯಾಗ್ ಎಂದೇ ಪರಿಚಿತವಾದ ಈ ಯೋಜನೆಯಲ್ಲಿ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಝ್ ಈ ಆರು ಕ್ಯಾಂಪಸ್‌ಗಳಿವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೋ ಇದರಲ್ಲಿಲ್ಲ. ವಿದ್ಯಾರ್ಥಿ ಒಂದು ಕ್ಯಾಂಪಸ್ಸನ್ನು ಮಾತ್ರ ಆರಿಸಿಕೊಂಡು ಸೆಪ್ಟೆಂಬರ್ ತಿಂಗಳಲ್ಲಿ ಅರ್ಜಿ ಸಲ್ಲಿಸಬೇಕು. ಆ ಕ್ಯಾಂಪಸ್ಸು ನಿಗದಿಪಡಿಸಿದ ಜಿಪಿಎ ಮತ್ತು ಕೋರ್ಸುಗಳನ್ನು ಪೂರೈಸಿದರೆ ಪ್ರವೇಶ ಖಚಿತ. ಕಂಪ್ಯೂಟರ್ ಸೈನ್ಸ್‌ನಂತಹ ಬೇಡಿಕೆಯ ವಿಷಯಗಳನ್ನು ಕೆಲವು ಕ್ಯಾಂಪಸ್‌ಗಳು ಈ ಯೋಜನೆಯಿಂದ ಹೊರಗಿಟ್ಟಿರುವುದನ್ನು ಮೊದಲೇ ಗಮನಿಸಬೇಕು.

ಎರಡನೆಯದು ವರ್ಗಾವಣೆಗೆಂದೇ ರೂಪಿಸಿದ ಅಸೋಸಿಯೇಟ್ ಪದವಿ. 2010ರ ಕಾಯ್ದೆಯಿಂದ ಜಾರಿಗೆ ಬಂದ ಈ 60 ಯೂನಿಟ್‌ಗಳ ಪದವಿ ಪಡೆದು ಕನಿಷ್ಠ ಅರ್ಹತೆ ಪೂರೈಸಿದವರಿಗೆ ಸಿಎಸ್‌ಯುನಲ್ಲಿ ಸ್ಥಾನ ಖಾತ್ರಿ. ಅಷ್ಟೇ ಅಲ್ಲ, ಸಮಾನ ವಿಷಯದಲ್ಲಿ ಮುಂದುವರಿದರೆ ಇನ್ನು 60 ಯೂನಿಟ್‌ಗಿಂತ ಹೆಚ್ಚಿನದನ್ನು ವಿಶ್ವವಿದ್ಯಾನಿಲಯ ಕೇಳುವಂತಿಲ್ಲ. ಆದರೆ ಖಾತ್ರಿ ಇರುವುದು ವ್ಯವಸ್ಥೆಯೊಳಗೆ ಒಂದು ಸ್ಥಾನಕ್ಕೆ. ಸ್ಯಾನ್ ಹೋಸೆಯೇ ಬೇಕು, ಅಲ್ಲಿನ ಕಂಪ್ಯೂಟರ್ ಸೈನ್ಸೇ ಬೇಕು ಎಂದರೆ ಅದಕ್ಕೆ ಭರವಸೆಯಿಲ್ಲ.

ತಪ್ಪಿಸಬಾರದ ದಿನಾಂಕಗಳು

ಶರತ್ಕಾಲದಲ್ಲಿ ಸೇರಬಯಸುವವರು ಯುಸಿಗೆ ಅರ್ಜಿ ಸಲ್ಲಿಸುವ ಅವಧಿ ಹಿಂದಿನ ವರ್ಷದ ಅಕ್ಟೋಬರ್ 1ರಿಂದ ನವೆಂಬರ್ ಕೊನೆಯವರೆಗೆ. ಅರ್ಜಿಯೊಡನೆ ಕೆಲಸ ಮುಗಿಯುವುದಿಲ್ಲ. ಶರತ್ಕಾಲದ ಗ್ರೇಡ್‌ಗಳನ್ನೂ ವಸಂತಕಾಲದಲ್ಲಿ ಓದಲಿರುವ ಕೋರ್ಸುಗಳನ್ನೂ ಜನವರಿಯಲ್ಲಿ ತಿಳಿಸಬೇಕು. ವಸಂತಕಾಲದ ಕೊನೆಯೊಳಗೆ 60 ಯೂನಿಟ್ ಮತ್ತು ಏಳು ಕೋರ್ಸುಗಳು ಮುಗಿದಿರಬೇಕು. ಬೇಸಿಗೆಯಲ್ಲಿ ಮುಗಿಸುತ್ತೇನೆ ಎಂಬ ಮಾತಿಗೆ ಇಲ್ಲಿ ಅವಕಾಶವಿಲ್ಲ. ಜುಲೈ ಆರಂಭದೊಳಗೆ ಅಧಿಕೃತ ಅಂಕಪಟ್ಟಿಗಳು ತಲುಪಬೇಕು.

ಪ್ರವೇಶ ಪತ್ರ ಕೈಸೇರಿದ ನಂತರ ಕೊನೆಯ ಅವಧಿಯಲ್ಲಿ ಡಿ ಗ್ರೇಡ್ ಬಂದರೆ ಅಥವಾ ತಿಳಿಸದೆ ಕೋರ್ಸು ಕೈಬಿಟ್ಟರೆ ಪ್ರವೇಶ ರದ್ದಾಗುವ ಅಪಾಯವಿದೆ. ಕೋರ್ಸು ಬದಲಿಸುವ ಮುನ್ನ ವಿಶ್ವವಿದ್ಯಾನಿಲಯಕ್ಕೆ ಲಿಖಿತವಾಗಿ ತಿಳಿಸುವುದು ಅವಶ್ಯ.

ವೀಸಾ ಮತ್ತು ವಯಸ್ಸಿನ ಗಡುವು

ಕನ್ನಡಿಗ ಕುಟುಂಬಗಳಿಗೆ ಈ ಲೆಕ್ಕಾಚಾರದಲ್ಲಿ ಇನ್ನೊಂದು ತೊಡಕಿದೆ. ತಂದೆ ಅಥವಾ ತಾಯಿ ಎಚ್-1ಬಿ ವೀಸಾದಲ್ಲಿದ್ದರೆ ಮಕ್ಕಳು ಅವಲಂಬಿತರ ಎಚ್-4 ವೀಸಾದಲ್ಲಿರುತ್ತಾರೆ. ಮಕ್ಕಳಿಗೆ 21 ತುಂಬಿದ ದಿನ ಆ ವೀಸಾದ ಹಕ್ಕು ಕೊನೆಗೊಳ್ಳುತ್ತದೆ. ಹದಿನೆಂಟಕ್ಕೆ ಕಮ್ಯುನಿಟಿ ಕಾಲೇಜು ಸೇರಿದವರಿಗೆ ಇಪ್ಪತ್ತರ ಹೊತ್ತಿಗೆ ವರ್ಗಾವಣೆ, ಮರುವರ್ಷವೇ ವೀಸಾ ಬದಲಾವಣೆ. ಗ್ರೀನ್ ಕಾರ್ಡಿಗಾಗಿ ಭಾರತೀಯರು ದಶಕಗಳ ಸರದಿಯಲ್ಲಿ ಕಾಯುತ್ತಿರುವುದರಿಂದ ಈ ಪರಿಸ್ಥಿತಿ ಅಪರೂಪವೇನಲ್ಲ. ವಿದ್ಯಾರ್ಥಿಗಳ ಎಫ್-1 ವೀಸಾಕ್ಕೆ ಬದಲಾದಾಗ ನಿವಾಸಿ ಶುಲ್ಕದ ಸೌಲಭ್ಯ ಕೈತಪ್ಪುವ ಸಾಧ್ಯತೆಯಿದೆ. ಹೊರಗಿನವರಿಗೆ ಯುಸಿಯ ಶುಲ್ಕ ನಿವಾಸಿಗಳ ಶುಲ್ಕದ ಎರಡು ಪಟ್ಟಿಗೂ ಹೆಚ್ಚು. ಕ್ರೆಡಿಟ್ ಹೊಂದಿಕೆಯಾಗದೆ ಒಂದು ವರ್ಷ ಹೆಚ್ಚು ಓದಬೇಕಾದರೆ ಅದರ ಭಾರ ಇಂತಹ ಕುಟುಂಬಗಳ ಮೇಲೆ ಹೆಚ್ಚಾಗಿ ಬೀಳುತ್ತದೆ.

ಭಾರತದಿಂದಲೇ ಎಫ್-1 ವೀಸಾದಲ್ಲಿ ಕಮ್ಯುನಿಟಿ ಕಾಲೇಜಿಗೆ ಹೋಗುವವರಿಗೆ ಯೂನಿಟ್‌ಗೆ 46 ಡಾಲರ್ ಎಂಬ ದರ ಅನ್ವಯಿಸುವುದಿಲ್ಲ. ಅವರು ಅನಿವಾಸಿ ಶುಲ್ಕವನ್ನು ಸೇರಿಸಿ ತೆರಬೇಕು. ಪ್ರತಿ ಅವಧಿಯಲ್ಲಿ ಕನಿಷ್ಠ 12 ಯೂನಿಟ್ ಓದುವುದು ವೀಸಾದ ಷರತ್ತು. ಕಷ್ಟವೆನಿಸಿದ ಕೋರ್ಸನ್ನು ನಡುವೆ ಕೈಬಿಟ್ಟು 12ಕ್ಕಿಂತ ಕೆಳಗಿಳಿದರೆ ವೀಸಾಕ್ಕೇ ಸಂಚಕಾರ ಬರಬಹುದು. ಇಲ್ಲಿ ಒಂದೆರಡು ಸೆಮಿಸ್ಟರ್ ಎಂಜಿನಿಯರಿಂಗ್ ಅಥವಾ ಬಿ.ಎಸ್ಸಿ. ಓದಿ ಬಿಟ್ಟು ಹೋದವರು ಆ ಓದನ್ನು ಅರ್ಜಿಯಲ್ಲಿ ಮುಚ್ಚಿಡುವಂತಿಲ್ಲ. ಅಂಕ ಚೆನ್ನಾಗಿರಲಿ, ಇಲ್ಲದಿರಲಿ, ಹಿಂದೆ ಓದಿದ ಎಲ್ಲ ಕಾಲೇಜುಗಳ ವಿವರ ನೀಡುವುದು ಕಡ್ಡಾಯ.

ನಮ್ಮಲ್ಲಿಯೂ ಇದೇ ಪ್ರಶ್ನೆ

ಕರ್ನಾಟಕಕ್ಕೆ ಈ ಪರಿಕಲ್ಪನೆ ಪೂರ್ತಿ ಅಪರಿಚಿತವಲ್ಲ. ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಮೂಲಕ ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುತ್ತಾರೆ. ಕಡಿಮೆ ಖರ್ಚಿನ ಸಂಸ್ಥೆಯಿಂದ ಪದವಿಗೆ ಏರುವ ಮೆಟ್ಟಿಲು ಇದೂ ಹೌದು. ವ್ಯತ್ಯಾಸವೆಂದರೆ ಇಲ್ಲಿ ಡಿಪ್ಲೊಮಾವನ್ನು ಇಡಿಯಾಗಿ ಒಪ್ಪಿ ಒಂದು ವರ್ಷದ ವಿನಾಯಿತಿ ನೀಡಲಾಗುತ್ತದೆ. ಅಲ್ಲಿ ಪ್ರತಿ ಕೋರ್ಸಿನ ತೂಕವನ್ನೂ ಬೇರೆ ಬೇರೆಯಾಗಿ ನೋಡಲಾಗುತ್ತದೆ. ಇಲ್ಲಿ ಹೊಂದಿಕೆಯ ತೊಂದರೆ ತರಗತಿಯಲ್ಲಿ ಗಣಿತ ಅರ್ಥವಾಗದಾಗ ಕಾಣಿಸಿಕೊಂಡರೆ, ಅಲ್ಲಿ ಪ್ರವೇಶಕ್ಕೆ ಮೊದಲೇ ಕಾಗದದ ಮೇಲೆ ಕಾಣಿಸುತ್ತದೆ.

ಕ್ರೆಡಿಟ್‌ಗಳನ್ನು ಹಣದಂತೆ ಜಮಾ ಮಾಡಿ ಬೇರೆಡೆ ಬಳಸುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ವ್ಯವಸ್ಥೆಗೆ ಯುಜಿಸಿ 2021ರಲ್ಲಿ ನಿಯಮ ರೂಪಿಸಿತು. ಅದೇ ವರ್ಷ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೊಳಿಸಿ, 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನೀತಿ ಯಾವುದೇ ಇರಲಿ, ಜಮಾ ಆದ ಕ್ರೆಡಿಟ್ಟನ್ನು ಇನ್ನೊಂದು ವಿಶ್ವವಿದ್ಯಾನಿಲಯ ಯಾವ ಕೋರ್ಸಿನ ಬದಲಿಗೆ ಒಪ್ಪುತ್ತದೆ ಎಂಬ ಪಟ್ಟಿ ಮುಂಚಿತವಾಗಿ ಸಿದ್ಧವಿರದಿದ್ದರೆ ಬ್ಯಾಂಕಿನ ಖಾತೆಯಿಂದ ವಿದ್ಯಾರ್ಥಿಗೆ ಪ್ರಯೋಜನವಾಗದು. ಕ್ಯಾಲಿಫೋರ್ನಿಯಾ ದಶಕಗಳಿಂದ ಅಂತಹ ಪಟ್ಟಿಯನ್ನು ಸಾರ್ವಜನಿಕವಾಗಿ ಇಟ್ಟಿದೆ. ಇಷ್ಟಿದ್ದೂ ಅಲ್ಲಿ ಐವರಲ್ಲಿ ಒಬ್ಬರು ಮಾತ್ರ ನಾಲ್ಕು ವರ್ಷದಲ್ಲಿ ದಾಟುತ್ತಿದ್ದಾರೆ ಎಂಬುದು ನೀತಿ ರೂಪಿಸುವವರು ಗಮನಿಸಬೇಕಾದ ಸಂಗತಿ.

ವಿದ್ಯಾರ್ಥಿಗಳ ಮಟ್ಟದಲ್ಲಿ ಮಾಡಬಹುದಾದದ್ದು ಇಷ್ಟು. ಮೊದಲ ಅವಧಿಯಲ್ಲಿಯೇ ಕಾಲೇಜಿನ ಸಲಹೆಗಾರರನ್ನು ಕಂಡು ಎರಡು ವರ್ಷದ ಓದಿನ ಯೋಜನೆಯನ್ನು ಲಿಖಿತವಾಗಿ ಸಿದ್ಧಪಡಿಸಿಕೊಳ್ಳಬೇಕು. ಈ ಸಲಹೆಗೆ ಪ್ರತ್ಯೇಕ ಶುಲ್ಕವಿಲ್ಲ. ಮನಸ್ಸಿನಲ್ಲಿರುವ ಮೂರು ನಾಲ್ಕು ಕ್ಯಾಂಪಸ್‌ಗಳ ಅಗತ್ಯಗಳನ್ನು ಅಕ್ಕಪಕ್ಕ ಇಟ್ಟು, ಎಲ್ಲಕ್ಕೂ ಸಮಾನವಾದ ಕೋರ್ಸುಗಳನ್ನು ಮೊದಲು ಮುಗಿಸಬೇಕು. ಗಣಿತ ಮತ್ತು ಇಂಗ್ಲಿಷನ್ನು ಮುಂದೂಡಬಾರದು. ಪ್ರತಿ ಅವಧಿಗೆ ನೋಂದಣಿ ಮಾಡಿಸುವ ಮುನ್ನ ಅಸಿಸ್ಟ್ ತಾಣದಲ್ಲಿ ಆಯಾ ವರ್ಷದ ಪಟ್ಟಿಯನ್ನು ಮತ್ತೊಮ್ಮೆ ನೋಡಬೇಕು. ಅಣ್ಣನೋ ಅಕ್ಕನೋ ನಾಲ್ಕು ವರ್ಷದ ಹಿಂದೆ ಅನುಸರಿಸಿದ ಪಟ್ಟಿ ಈಗ ಚಾಲ್ತಿಯಲ್ಲಿ ಇಲ್ಲದಿರಬಹುದು.